ಆಲ್ಪ್ಸ್‌ನಲ್ಲಿ ಒಂದೇ ಒಂದು ಹಳೆಯ ಊರು ನೋಡುವುದಾದರೆ ಯಾವುದು?

ಆಲ್ಪ್ಸ್‌ಗೆ ಹೋಗಿಬಂದವರ ಫೋಟೋಗಳಲ್ಲಿ ಹಿಮ ಇರುತ್ತದೆ, ಹಸು ಇರುತ್ತದೆ, ಕೇಬಲ್ ಕಾರ್ ಇರುತ್ತದೆ. ಊರು ಇರುವುದು ಕಡಿಮೆ. ಪ್ಯಾಕೇಜ್ ಟೂರಿನವರು ಬೆಳಿಗ್ಗೆ ಬೆಟ್ಟದ ತುದಿಗೆ ಹತ್ತಿಸಿ, ಮಧ್ಯಾಹ್ನ ಕೆಳಗಿಳಿಸಿ, ಪೇಟೆಯಲ್ಲಿ ಶಾಪಿಂಗ್‌ಗೆಂದು ಒಂದು ಗಂಟೆ ಬಿಡುತ್ತಾರೆ. ಆ ಒಂದು ಗಂಟೆಯಲ್ಲಿ ಚಾಕೊಲೇಟ್ ಅಂಗಡಿ ಕಾಣುತ್ತದೆ. ಅದೇ ಬೀದಿಯ ಕಮಾನಿನ ಕೆಳಗೆ ಎಂಟುನೂರು ವರ್ಷ ಯಾರು ಏನು ಮಾರುತ್ತಿದ್ದರು, ಇಷ್ಟು ಕಡಿದಾದ ಬೆಟ್ಟದ ಬುಡದಲ್ಲಿ ಜನ ಯಾಕಾದರೂ ಮನೆ ಕಟ್ಟಿಕೊಂಡರು ಎಂಬುದು ಕಾಣುವುದಿಲ್ಲ.

ನನಗೆ ಬೆಟ್ಟಕ್ಕಿಂತ ಊರೇ ಹೆಚ್ಚು. ಹೋಗುವ ಮುನ್ನ ‘ಯಾವ ಊರು’ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಫೋಟೋ ನೋಡಿ ಆರಿಸಬೇಡಿ. ಪ್ರವಾಸಿಗರು ಬರುವುದಕ್ಕೆ ಮೊದಲು ಆ ಊರಿನ ಹೊಟ್ಟೆ ತುಂಬಿಸಿದ್ದು ಏನು ಎಂದು ನೋಡಿ. ಉಪ್ಪೇ, ಬೆಳ್ಳಿಯೇ, ಘಾಟಿ ದಾಟುವ ಸರಕಿನ ಸುಂಕವೇ, ಅರಮನೆಯೇ, ಬರಿಯ ಬಡತನವೇ? ಅದನ್ನು ತಿಳಿದುಕೊಂಡರೆ ಅಲ್ಲಿ ಏನು ನೋಡಲು ಸಿಗುತ್ತದೆ, ಎಷ್ಟು ದಿನ ಬೇಕು, ನಿಮಗೆ ಅದು ಹಿಡಿಸುತ್ತದೋ ಇಲ್ಲವೋ ಎನ್ನುವುದು ಮುಕ್ಕಾಲು ಪಾಲು ತೀರ್ಮಾನವಾದಂತೆ. ಆ ಲೆಕ್ಕದಲ್ಲಿ ಆಸ್ಟ್ರಿಯಾದ ಹಾಲ್‌ಸ್ಟಾಟ್ ಮತ್ತು ಇನ್ಸ್‌ಬ್ರುಕ್, ಇಟಲಿಯ ಬೊಲ್ಜಾನೊ, ಸ್ವಿಟ್ಜರ್‌ಲೆಂಡಿನ ಜೆರ್ಮಾಟ್ ಮತ್ತು ಕೂರ್, ಫ್ರಾನ್ಸಿನ ಅನ್ಸಿ, ಈ ಆರನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಹಾಲ್‌ಸ್ಟಾಟ್: ಉಪ್ಪಿನ ಋಣ

ಎಲ್ಲರೂ ಕೇಳುವ ಊರು ಇದೇ ಆದ್ದರಿಂದ ಇಲ್ಲಿಂದಲೇ ಶುರು ಮಾಡುತ್ತೇನೆ. ಸರೋವರದ ಅಂಚಿಗೆ ಅಂಟಿಕೊಂಡ ಮರದ ಮನೆಗಳು, ನೀರಿನಲ್ಲಿ ಅವುಗಳ ನೆರಳು, ಹಿಂದೆ ನೆಟ್ಟಗೆ ಎದ್ದ ಬಂಡೆ. ಫೋಟೋದಲ್ಲಿ ಹೇಗಿದೆಯೋ ಹಾಗೆಯೇ ಇದೆ, ಮೋಸವಿಲ್ಲ. ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ 2012ರಲ್ಲಿ ಈ ಊರಿನ ಪಡಿಯಚ್ಚನ್ನೇ ಕಟ್ಟಿ ನಿಲ್ಲಿಸಿದ್ದಾರೆ.

ಆದರೆ ಊರಿನ ನಿಜವಾದ ಸಂಪತ್ತು ಇರುವುದು ಮೇಲೆ, ಬೆಟ್ಟದ ಹೊಟ್ಟೆಯಲ್ಲಿ. ಮೂರು ಸಾವಿರ ವರ್ಷಕ್ಕೂ ಹಿಂದಿನಿಂದ ಜನ ಇಲ್ಲಿ ಉಪ್ಪು ಅಗೆದಿದ್ದಾರೆ, ಇವತ್ತಿಗೂ ತೆಗೆಯುತ್ತಿದ್ದಾರೆ. 1846ರಲ್ಲಿ ಗಣಿಯ ಅಧಿಕಾರಿ ಯೋಹಾನ್ ಗೆಯೋರ್ಗ್ ರಾಮ್ಸೌವರ್ ಎಂಬುವರಿಗೆ ಮೇಲಿನ ಕಣಿವೆಯಲ್ಲಿ ಹಳೆಯ ಸಮಾಧಿಗಳು ಸಿಕ್ಕವು. ಮುಂದಿನ ಹದಿನೇಳು ವರ್ಷ ಅವರು ಸುಮಾರು ಸಾವಿರ ಸಮಾಧಿಗಳನ್ನು ಅಗೆದು, ಒಂದೊಂದರದ್ದೂ ಬಣ್ಣದ ಚಿತ್ರ ಬರೆಸಿ ದಾಖಲಿಸಿದರು. ಕತ್ತಿ, ಕಂಚಿನ ಪಾತ್ರೆ, ಬಾಲ್ಟಿಕ್ ಕಡಲಿನ ಕಡೆಯಿಂದ ಬಂದ ಅಂಬರ್ ಮಣಿ: ಉಪ್ಪು ಕೊಟ್ಟು ಕೊಂಡ ಸಿರಿ ಅದು. ಯೂರೋಪಿನ ಕಬ್ಬಿಣ ಯುಗದ ಮೊದಲ ಘಟ್ಟಕ್ಕೆ, ಕ್ರಿ.ಪೂ. 800ರಿಂದ 450ರವರೆಗಿನ ಕಾಲಕ್ಕೆ, ವಿದ್ವಾಂಸರು ಈ ಪುಟ್ಟ ಊರಿನ ಹೆಸರನ್ನೇ ಇಟ್ಟಿದ್ದಾರೆ.

ಗಣಿಯೊಳಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮರದ ಮೆಟ್ಟಿಲು. ಕ್ರಿ.ಪೂ. 1344ರಲ್ಲಿ ಕಡಿದ ಮರದ್ದು. ಮರದ ಉಂಗುರ ಎಣಿಸಿ ಇಸವಿಯನ್ನೇ ಹೇಳಿದ್ದಾರೆ. ಯೂರೋಪಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಮೆಟ್ಟಿಲು ಇದು. ಉಪ್ಪಿನಲ್ಲಿ ಹುದುಗಿದ್ದರಿಂದ ಕೊಳೆಯಲಿಲ್ಲ. ಎರಡು ಉದ್ದನೆಯ ದಿಮ್ಮಿಗಳ ಒಳಬದಿಗೆ ಕಾಲುವೆ ಕೊರೆದು, ಅದರೊಳಗೆ ಹಲಗೆಗಳನ್ನು ಕೂರಿಸಿದ್ದಾರೆ. ಗಣಿಯ ಇಳಿಜಾರು ಹೆಚ್ಚು ಕಡಿಮೆಯಾದರೂ ಹಲಗೆಯ ಓರೆ ಬದಲಿಸಿ ಮೆಟ್ಟಿಲನ್ನು ಮಟ್ಟಸ ಮಾಡಿಕೊಳ್ಳಬಹುದಿತ್ತು. ಇಬ್ಬರು ಎದುರುಬದುರಾಗಿ ಹೋಗುವಷ್ಟು ಅಗಲ. ಉಪ್ಪು ಹೊರುತ್ತಿದ್ದ ಚರ್ಮದ ಚೀಲವೂ ಸಿಕ್ಕಿದೆ. ಅದಕ್ಕೆ ಒಂದೇ ಹೆಗಲಪಟ್ಟಿ, ಇನ್ನೊಂದು ಬದಿಗೆ ಮರದ ಹಿಡಿಕೆ. ಹಿಡಿಕೆಯನ್ನು ಕೈಬಿಟ್ಟರೆ ಚೀಲ ತಾನಾಗಿ ಮಗುಚುತ್ತದೆ, ಬೆನ್ನಿನಿಂದ ಇಳಿಸುವ ಗೋಜಿಲ್ಲ. ಇಡೀ ದಿನ ಹೊರೆ ಹೊತ್ತವರ ಬುದ್ಧಿಗೆ ಮಾತ್ರ ಹೊಳೆಯುವ ಉಪಾಯ ಇದು. ಅರಮನೆಯ ಕಿರೀಟಗಳನ್ನು ಎಷ್ಟೋ ನೋಡಿದ್ದೇನೆ. ಈ ಚೀಲ ಮಾತ್ರ ಮರೆತಿಲ್ಲ.

ಗಣಿಯಲ್ಲಿ ತೆಗೆದ ಉಪ್ಪುನೀರನ್ನು ಕಾಯಿಸಲು ಸುತ್ತಲಿನ ಕಾಡು ಸಾಲದೆ ಹೋದಾಗ ಅವರು ನೀರನ್ನೇ ಕಟ್ಟಿಗೆ ಇರುವ ಕಡೆಗೆ ಹರಿಸಿದರು. 1607ರ ಹೊತ್ತಿಗೆ ಸುಮಾರು 13,000 ಮರಗಳ ಕಾಂಡಗಳನ್ನು ಕೊರೆದು ಒಂದಕ್ಕೊಂದು ಜೋಡಿಸಿ ಎಬೆನ್ಸೇ ಎಂಬ ಊರಿನವರೆಗೆ 40 ಕಿಲೋಮೀಟರ್ ಕೊಳವೆ ಎಳೆದಿದ್ದರು. ಆ ಕೊಳವೆಯ ಜಾಡಿನಲ್ಲಿಯೇ ಈಗ ನಡೆದುಹೋಗುವ ದಾರಿ ಇದೆ.

ಚರ್ಚಿನ ಹಿಂದಿನ ಎಲುಬಿನ ಮನೆಯನ್ನು ಬಿಡಬೇಡಿ. ಬೆಟ್ಟಕ್ಕೂ ನೀರಿಗೂ ನಡುವೆ ಸಿಕ್ಕಿಕೊಂಡ ಊರಿನಲ್ಲಿ ಹೂಳಲು ಜಾಗವೇ ಇರಲಿಲ್ಲ. ಹತ್ತು ಹದಿನೈದು ವರ್ಷಗಳ ನಂತರ ಸಮಾಧಿ ತೆರೆದು, ತಲೆಬುರುಡೆಯನ್ನು ತೊಳೆದು ಬಿಸಿಲಿನಲ್ಲಿ ಬಿಳಿಚಿಸಿ, ಹಣೆಯ ಮೇಲೆ ಹೆಸರು ಬರೆದು, ಸುತ್ತ ಎಲೆ ಹೂವಿನ ಬಳ್ಳಿ ಬಿಡಿಸಿ ಒಳಗೆ ಸಾಲಾಗಿ ಇಡುತ್ತಿದ್ದರು. ಸುಮಾರು 1,200 ಬುರುಡೆಗಳಲ್ಲಿ 610ಕ್ಕೆ ಬಣ್ಣವಿದೆ. ಕೊನೆಯದನ್ನು ಇಟ್ಟದ್ದು 1995ರಲ್ಲಿ. 1983ರಲ್ಲಿ ತೀರಿಕೊಂಡ ಒಬ್ಬ ಹೆಂಗಸಿನದು, ಅಲ್ಲಿ ಸೇರಬೇಕೆಂಬುದು ಅವರದೇ ಆಸೆಯಾಗಿತ್ತು. ಒಂದೇ ಮನೆತನದವರ ಬುರುಡೆಗಳು ಒತ್ತಟ್ಟಿಗೆ ಕೂತಿರುವುದನ್ನು ನೋಡಿದರೆ ಭಯವಾಗುವುದಿಲ್ಲ. ಮನೆಯ ಹಜಾರದಲ್ಲಿ ಹಿರಿಯರ ಪಟ ತೂಗುಹಾಕಿದ ಹಾಗಿದೆ.

ಇನ್ನು ತೊಂದರೆ ಹೇಳಬೇಕು. ಊರಿನ ಜನಸಂಖ್ಯೆ ಎಂಟುನೂರೂ ಇಲ್ಲ. ಬೇಸಿಗೆಯ ದಿನಗಳಲ್ಲಿ ಬರುವವರು ಸಾವಿರಗಟ್ಟಲೆ. 2023ರ ಆಗಸ್ಟ್‌ನಲ್ಲಿ ಊರಿನವರೇ ರಸ್ತೆಗೆ ಇಳಿದು ಪ್ರತಿಭಟಿಸಿದರು. ಸಾಲ್ಜ್‌ಬರ್ಗ್‌ನಿಂದ ಬೆಳಿಗ್ಗೆ ಬಂದು ಸಂಜೆ ಮರಳುವ ಪ್ರವಾಸದಲ್ಲಿ ನೀವು ನೋಡುವುದು ಜನರ ಬೆನ್ನನ್ನು ಮಾತ್ರ. ಹೋಗುವುದಾದರೆ ಒಂದು ರಾತ್ರಿ ಉಳಿಯಿರಿ, ಅಲ್ಲಿ ದುಬಾರಿಯಾದರೆ ಪಕ್ಕದ ಓಬರ್‌ಟ್ರೌನ್‌ನಲ್ಲಿ ಉಳಿಯಿರಿ. ರೈಲು ನಿಲ್ದಾಣ ಸರೋವರದ ಆಚೆ ದಡದಲ್ಲಿದೆ, ಇಳಿದವರನ್ನು ದೋಣಿ ಈಚೆಗೆ ದಾಟಿಸುತ್ತದೆ. ಅದೇ ಈ ಊರಿಗೆ ಸರಿಯಾದ ಪ್ರವೇಶ, ಏಕೆಂದರೆ 1890ರಲ್ಲಿ ಬಂಡೆ ಸಿಡಿಸಿ ರಸ್ತೆ ಮಾಡುವವರೆಗೂ ಎಲ್ಲರೂ ಬಂದದ್ದು ನೀರಿನ ಮೇಲೆಯೇ, ಇಲ್ಲವೇ ಕಾಲುದಾರಿಯಲ್ಲಿ. ಗಣಿಗೆ ಹತ್ತಿಸುವ ಹಳಿಬಂಡಿ ಓಡುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಗಣಿ ನೋಡದೆ ಹಾಲ್‌ಸ್ಟಾಟ್‌ಗೆ ಹೋಗುವುದು ವ್ಯರ್ಥ ಎನ್ನುವಷ್ಟರ ಮಟ್ಟಿಗೆ ನನ್ನ ಅಭಿಪ್ರಾಯ ಗಟ್ಟಿ.

ಇನ್ಸ್‌ಬ್ರುಕ್: ಸಾಲಗಾರ ಚಕ್ರವರ್ತಿಯ ರಾಜಧಾನಿ

ಹಾಲ್‌ಸ್ಟಾಟ್ ಅರ್ಧ ಗಂಟೆ ನಡೆದರೆ ಮುಗಿಯುವ ಹಳ್ಳಿ. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯ, ಟ್ರಾಮ್, ಮಾರುಕಟ್ಟೆ ಎಲ್ಲವೂ ಇರುವ ನಗರ. ಇದರ ಹೆಸರಿನಲ್ಲೇ ಕಸುಬೂ ಇದೆ: ಇನ್ ನದಿಯ ಸೇತುವೆ. ಜರ್ಮನಿಗೂ ಇಟಲಿಗೂ ನಡುವೆ ಆಲ್ಪ್ಸ್ ದಾಟಲು ಇರುವ ಘಾಟಿಗಳಲ್ಲಿ ಬ್ರೆನ್ನರ್ ತಗ್ಗಿನದು, ಸುಮಾರು 1,370 ಮೀಟರ್. ಆ ದಾರಿ ನದಿ ದಾಟುವ ಜಾಗದಲ್ಲಿ ಸೇತುವೆ, ಸೇತುವೆಯ ಬಳಿ ಸುಂಕದಕಟ್ಟೆ, ಸುಂಕದಕಟ್ಟೆಯ ಸುತ್ತ ಪೇಟೆ. 1420ರಲ್ಲಿ ಟೈರೋಲ್ ಎಂಬ ಈ ಸೀಮೆಯ ದೊರೆ ತನ್ನ ಆಸ್ಥಾನವನ್ನು ಮೆರಾನೊದಿಂದ ಇಲ್ಲಿಗೆ ತಂದ ಮೇಲೆ ಪೇಟೆಗೆ ಅರಮನೆಯ ಕಳೆ ಬಂತು.

ಹಳೆಪೇಟೆಯ ನಡುವೆ ಇರುವ ಚಿನ್ನದ ಮಾಡು ಎಲ್ಲರೂ ಫೋಟೋ ತೆಗೆಯುವ ಜಾಗ. ಪವಿತ್ರ ರೋಮನ್ ಚಕ್ರವರ್ತಿ ಒಂದನೆಯ ಮ್ಯಾಕ್ಸಿಮಿಲಿಯನ್‌ಗಾಗಿ 1500ರ ಹೊತ್ತಿಗೆ ಕಟ್ಟಿದ ಒಂದು ಉಪ್ಪರಿಗೆ ಕಟ್ಟೆ, ಅದರ ಮೇಲೆ ಚಿನ್ನದ ನೀರು ಕುಡಿಸಿದ 2,657 ತಾಮ್ರದ ಹೆಂಚು. ನಿಜ ಹೇಳಬೇಕೆಂದರೆ ಅದು ನಾವು ಊಹಿಸಿದ್ದಕ್ಕಿಂತ ಚಿಕ್ಕದು. ಐದು ನಿಮಿಷ ನೋಡಿ, ಕಟ್ಟೆಯ ಮೇಲಿನ ಕೆತ್ತನೆಯಲ್ಲಿ ಚಕ್ರವರ್ತಿ ತನ್ನ ಇಬ್ಬರು ಹೆಂಡಿರ ಜೊತೆ ಕೂತಿರುವುದನ್ನು ಗುರುತಿಸಿ, ಅಲ್ಲಿಂದ ನಾಲ್ಕು ಹೆಜ್ಜೆ ದೂರದ ಹೋಫ್‌ಕಿರ್ಖೆ ಎಂಬ ಆಸ್ಥಾನದ ಚರ್ಚಿಗೆ ಹೋಗಿ. ನಿಮ್ಮ ಸಮಯವನ್ನು ಅಲ್ಲಿ ಖರ್ಚು ಮಾಡಿ.

ಒಳಗೆ ಮಂದ ಬೆಳಕು. ಎರಡು ಸಾಲಿನಲ್ಲಿ ಆಳೆತ್ತರ ಮೀರಿದ 28 ಕಂಚಿನ ಪ್ರತಿಮೆಗಳು ನಿಂತಿವೆ. ಊರಿನವರು ಇವರನ್ನು ‘ಕಪ್ಪು ಗಂಡಸರು’ ಎನ್ನುತ್ತಾರೆ, ಆದರೆ ಅವರಲ್ಲಿ ಎಂಟು ಜನ ಹೆಂಗಸರು. ಮ್ಯಾಕ್ಸಿಮಿಲಿಯನ್ ತನ್ನ ಪೂರ್ವಜರು ಎಂದು ಹೇಳಿಕೊಂಡವರೆಲ್ಲ ಇಲ್ಲಿದ್ದಾರೆ, ಇಂಗ್ಲೆಂಡಿನ ಐತಿಹ್ಯದ ರಾಜ ಆರ್ಥರ್ ಕೂಡ. ಆರ್ಥರನ ವಿನ್ಯಾಸ ಆಲ್ಬ್ರೆಖ್ಟ್ ಡ್ಯೂರರ್ ಅವರದು, ಎರಕ ನ್ಯೂರೆಂಬರ್ಗಿನ ಪೀಟರ್ ಫಿಷರ್ ಅವರ ಕಾರ್ಖಾನೆಯದು. ಪ್ರತಿಮೆಗಳ ಬಲಗೈಯನ್ನು ಗಮನಿಸಿ: ಬೆರಳುಗಳು ಏನನ್ನೋ ಹಿಡಿದಂತೆ ಮಡಚಿವೆ. ದೊರೆಯ ಶವದ ಸುತ್ತ ಇವರೆಲ್ಲ ದೀಪ ಹಿಡಿದು ನಿಲ್ಲಬೇಕಾಗಿತ್ತು. ನಡುವೆ ಅಮೃತಶಿಲೆಯ ಭಾರೀ ಸಮಾಧಿ, ಅದರ ಮೇಲೆ ಮಂಡಿಯೂರಿದ ಚಕ್ರವರ್ತಿ.

ಆ ಸಮಾಧಿಯೊಳಗೆ ಯಾರೂ ಇಲ್ಲ. ಮ್ಯಾಕ್ಸಿಮಿಲಿಯನ್ ಕೊನೆಯ ಸಲ ಇನ್ಸ್‌ಬ್ರುಕ್‌ಗೆ ಬಂದಾಗ ಹಳೆಯ ಬಾಕಿ ತೀರಿಸದೆ ಕುದುರೆಗಳಿಗೆ ಲಾಯ ಕೊಡುವುದಿಲ್ಲ ಎಂದು ಛತ್ರದವರು ಹೇಳಿದರಂತೆ. ಅಲ್ಲಿಂದ ಹೊರಟವನು 1519ರ ಜನವರಿಯಲ್ಲಿ ವೆಲ್ಸ್ ಎಂಬ ಊರಿನಲ್ಲಿ ತೀರಿಕೊಂಡ. ಹೂಳಿದ್ದು ವೀನರ್ ನೊಯ್‌ಶ್ಟಾಟ್‌ನಲ್ಲಿ. ಮೊಮ್ಮಗ ಫರ್ಡಿನೆಂಡ್ 1553ರಿಂದ ಹತ್ತು ವರ್ಷ ಹಿಡಿದು ಈ ಚರ್ಚು ಕಟ್ಟಿಸಿದ್ದು ಈ ಪ್ರತಿಮೆಗಳಿಗೆ ಒಂದು ಮನೆ ಆಗಲಿ ಎಂದು. ಇಷ್ಟೆಲ್ಲ ಕಂಚು ಒಂದು ಖಾಲಿ ಗೋರಿಯನ್ನು ಕಾಯುತ್ತ ನಿಂತಿದೆ ಎಂದು ತಿಳಿದು ಆ ಸಾಲಿನ ನಡುವೆ ನಡೆದಾಗ ಎದೆಯೊಳಗೆ ಏನೋ ಆಗುತ್ತದೆ. ಅದೇ ಚರ್ಚಿನಲ್ಲಿ ಆಂದ್ರೆಯಾಸ್ ಹೋಫರ್ ಎಂಬ ಛತ್ರದ ಯಜಮಾನನ ಸಮಾಧಿಯೂ ಇದೆ. 1809ರಲ್ಲಿ ನೆಪೋಲಿಯನ್ನನ ಮತ್ತು ಬವೇರಿಯಾದ ಸೇನೆಗಳ ವಿರುದ್ಧ ಟೈರೋಲ್‌ನ ರೈತರನ್ನು ಮುನ್ನಡೆಸಿದವನು, ಮರುವರ್ಷ ಮಾಂಟುವಾದಲ್ಲಿ ಗುಂಡಿಗೆ ಬಲಿಯಾದವನು. ಆ ಗೋರಿ ಖಾಲಿಯಲ್ಲ.

ಇನ್ಸ್‌ಬ್ರುಕ್‌ಗೆ ಹೋದವರು ಅಲ್ಲಿಂದ ಹತ್ತು ಕಿಲೋಮೀಟರ್ ದೂರದ ಹಾಲ್ ಎಂಬ ಊರಿಗೂ ಹೋಗಬೇಕು. ರೈಲಿನಲ್ಲಿ ಹತ್ತು ನಿಮಿಷದ ಹಾದಿ. ಉಪ್ಪಿನ ಊರುಗಳ ಹೆಸರಿನಲ್ಲಿ ಈ ‘ಹಾಲ್’ ಮತ್ತೆ ಮತ್ತೆ ಬರುತ್ತದೆ, ಇದೂ ಉಪ್ಪಿನಿಂದಲೇ ಬೆಳೆದದ್ದು. 1477ರಲ್ಲಿ ದೊರೆ ಸಿಗಿಸ್ಮುಂಡ್ ಟಂಕಸಾಲೆಯನ್ನು ಇಲ್ಲಿಗೆ ತಂದ. ಹತ್ತಿರದ ಶ್ವಾಜ್ ಗಣಿಯಲ್ಲಿ ಬೇಕಾದಷ್ಟು ಬೆಳ್ಳಿ ಇತ್ತು, ಚಿನ್ನ ಇರಲಿಲ್ಲ. ಹಾಗಾಗಿ 1486ರಲ್ಲಿ ಒಂದು ಚಿನ್ನದ ನಾಣ್ಯದ ಬೆಲೆಗೆ ಸರಿತೂಗುವ ದೊಡ್ಡ ಬೆಳ್ಳಿ ನಾಣ್ಯ ಹೊಡೆಸಿದ. ಯೂರೋಪಿನುದ್ದಕ್ಕೂ ಅದನ್ನು ಅನುಕರಿಸಿದರು. ಬೊಹೀಮಿಯಾದ ಯೋಆಖಿಮ್ಸ್‌ಟಾಲ್‌ನಲ್ಲಿ ಹೊಡೆದದ್ದಕ್ಕೆ ‘ಟಾಲರ್’ ಎಂಬ ಹೆಸರು ಬಿತ್ತು, ಅದೇ ಹೆಸರು ಸಾಗರ ದಾಟಿ ಡಾಲರ್ ಆಯಿತು. ಹಾಲ್‌ನ ಹಸೆಗ್ ಕೋಟೆಯಲ್ಲಿ ಟಂಕಸಾಲೆಯ ಸಂಗ್ರಹಾಲಯ ಇದೆ. ಇನ್ಸ್‌ಬ್ರುಕ್‌ನ ಹಳೆಪೇಟೆಗಿಂತ ಹಾಲ್‌ನದು ದೊಡ್ಡದು, ಬರುವ ಜನ ಮಾತ್ರ ಬಹಳ ಕಡಿಮೆ. ಕಲ್ಲುಹಾಸಿನ ಏರುಬೀದಿಗಳಲ್ಲಿ ನಿಮ್ಮ ಹೆಜ್ಜೆ ಸಪ್ಪಳ ನಿಮಗೇ ಕೇಳಿಸುತ್ತದೆ.

ಬೆಟ್ಟ ಬೇಕು ಎನ್ನುವವರಿಗೂ ಇನ್ಸ್‌ಬ್ರುಕ್ ಮೋಸ ಮಾಡುವುದಿಲ್ಲ. ಹಳೆಪೇಟೆಯ ಅಂಚಿನಿಂದಲೇ ಹೊರಡುವ ಹಂಗರ್‌ಬರ್ಗ್ ಹಳಿಬಂಡಿ, ಆಮೇಲೆ ಎರಡು ಕೇಬಲ್ ಕಾರ್. ಸುಮಾರು ಅರ್ಧ ಗಂಟೆಯಲ್ಲಿ 2,256 ಮೀಟರ್ ಎತ್ತರದ ಹಾಫೆಲೆಕಾರ್. ಹಳಿಬಂಡಿಯ ನಿಲ್ದಾಣಗಳು ಜಹಾ ಹದೀದ್ ಅವರ ವಿನ್ಯಾಸ, 2007ರವು, ಕರಗುವ ಮಂಜುಗಡ್ಡೆಯ ಹಾಗೆ ಕಾಣುತ್ತವೆ. ನಗರದ ಬೀದಿಯಿಂದ ಬಂಡೆಯ ತುದಿಗೆ ಇಷ್ಟು ಬೇಗ ಮುಟ್ಟಿಸುವ ಊರು ಈ ಪಟ್ಟಿಯಲ್ಲಿ ಇನ್ನೊಂದಿಲ್ಲ.

ಬೊಲ್ಜಾನೊ: ಎರಡು ಹೆಸರಿನ ಊರು

ಇನ್ಸ್‌ಬ್ರುಕ್‌ನಿಂದ ದಕ್ಷಿಣಕ್ಕೆ ರೈಲು ಹತ್ತಿದರೆ ಬ್ರೆನ್ನರ್ ದಾಟಿ ಎರಡು ಗಂಟೆಯಲ್ಲಿ ಬೊಲ್ಜಾನೊ. ಜರ್ಮನ್‌ನಲ್ಲಿ ಬೋಜೆನ್. ಒಂದು ಕಾಲಕ್ಕೆ ಎರಡೂ ಊರು ಟೈರೋಲ್‌ನವೇ. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರ ಒಪ್ಪಂದದಲ್ಲಿ ಗಡಿ ಬ್ರೆನ್ನರ್ ಮೇಲೆ ಬಿತ್ತು, ದಕ್ಷಿಣ ಟೈರೋಲ್ ಇಟಲಿಯ ಪಾಲಾಯಿತು. ಆರು ಊರುಗಳಲ್ಲಿ ನನ್ನ ಆಯ್ಕೆ ಇದೇ. ಯಾಕೆಂದು ಹೇಳುತ್ತೇನೆ.

ಪೇಟೆಯಿಂದ ಶುರು ಮಾಡೋಣ. ಟ್ರೆಂಟೊದ ಬಿಷಪ್ಪರು ಹನ್ನೆರಡನೆಯ ಶತಮಾನದಲ್ಲಿ ಹಾಕಿಸಿದ ಒಂದೇ ನೇರ ಬೀದಿ, ಎರಡೂ ಕಡೆ ಕಮಾನಿನ ಜಗಲಿ. ಮಳೆ ಬರಲಿ, ಹಿಮ ಬೀಳಲಿ, ವ್ಯಾಪಾರ ನಿಲ್ಲದು. ಮನೆಗಳ ಮುಂಭಾಗ ಕಿರಿದು, ಒಳಗೆ ಹೋದಷ್ಟೂ ಉದ್ದ, ನಡುನಡುವೆ ಬೆಳಕಿಂಡಿ. ಕೆಳಗೆ ನೆಲಮಾಳಿಗೆ, ಮುಂದೆ ಅಂಗಡಿ, ಮೇಲೆ ಮನೆ. ನಮ್ಮ ಹಳೆಯ ಪೇಟೆಬೀದಿಗಳ ಅಂಗಡಿಮನೆಗಳನ್ನು ನೋಡಿದವರಿಗೆ ಇದರ ಲೆಕ್ಕ ತಕ್ಷಣ ಅರ್ಥವಾಗುತ್ತದೆ. ವರ್ಷಕ್ಕೆ ನಾಲ್ಕು ಜಾತ್ರೆ ನಡೆಯುತ್ತಿತ್ತು, ಉತ್ತರದ ಜರ್ಮನ್ ವ್ಯಾಪಾರಿಯೂ ದಕ್ಷಿಣದ ಇಟಾಲಿಯನ್ ವ್ಯಾಪಾರಿಯೂ ಇಲ್ಲಿ ಸೇರುತ್ತಿದ್ದರು. ಅವರ ಜಗಳ ಬಿಡಿಸಲು 1635ರಲ್ಲಿ ಆಡಳಿತಗಾರ್ತಿ ಕ್ಲಾಡಿಯಾ ದೆ ಮೆದಿಚಿ ವ್ಯಾಪಾರಿಗಳದೇ ನ್ಯಾಯಾಲಯ ಮಾಡಿಕೊಟ್ಟಳು. ಎರಡೂ ಭಾಷೆಯವರು ಕೂತು ತೀರ್ಪು ಕೊಡುತ್ತಿದ್ದರು. ಆ ಸಂಸ್ಥೆಯ ಕಟ್ಟಡ ಈಗ ಸಂಗ್ರಹಾಲಯ.

ಹೀಗೆ ಹೊಂದಿಕೊಂಡಿದ್ದ ಊರಿನ ಮೇಲೆ ಇಪ್ಪತ್ತನೆಯ ಶತಮಾನ ಏನು ಮಾಡಿತು ಎಂಬುದನ್ನು ಕನ್ನಡದವರು ಗಮನವಿಟ್ಟು ನೋಡಬೇಕು. ಫ್ಯಾಸಿಸ್ಟರು ಬಂದ ಮೇಲೆ ಜರ್ಮನ್ ಶಾಲೆಗಳನ್ನು ಮುಚ್ಚಿಸಿದರು, ಊರು ಹೊಳೆ ಬೆಟ್ಟಗಳ ಹೆಸರುಗಳನ್ನು ಇಟಾಲಿಯನ್‌ಗೆ ಬದಲಿಸಿದರು. ಮಕ್ಕಳಿಗೆ ತಾಯ್ನುಡಿಯ ಅಕ್ಷರ ಕಲಿಸಲು ತರುಣಿಯರು ಕೊಟ್ಟಿಗೆಗಳಲ್ಲಿ, ಅಟ್ಟಗಳಲ್ಲಿ ಗುಟ್ಟಾಗಿ ಶಾಲೆ ನಡೆಸಿದರು, ಸಿಕ್ಕಿಬಿದ್ದು ಶಿಕ್ಷೆ ಅನುಭವಿಸಿದರು. 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಸೇರಿ ಜನರ ಮುಂದೆ ಎರಡೇ ದಾರಿ ಇಟ್ಟರು: ಊರು ಬಿಟ್ಟು ಜರ್ಮನಿಗೆ ಹೋಗಿ, ಇಲ್ಲವೇ ಭಾಷೆ ಬಿಟ್ಟು ಇಲ್ಲೇ ಇರಿ. ಸುಮಾರು 75,000 ಜನ ಮನೆ ತೊರೆದರು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ.

ಇದು ಪುಸ್ತಕದಲ್ಲಷ್ಟೇ ಇಲ್ಲ, ಬೀದಿಯಲ್ಲಿದೆ. ಮುಖ್ಯ ಚೌಕದಲ್ಲಿ ಮಧ್ಯಯುಗದ ಜರ್ಮನ್ ಕವಿ ವಾಲ್ಟರ್ ಫಾನ್ ಡೆರ್ ಫೋಗೆಲ್‌ವೈಡೆಯ ಅಮೃತಶಿಲೆಯ ಪ್ರತಿಮೆ ನಿಂತಿದೆ. 1889ರಲ್ಲಿ ನಿಲ್ಲಿಸಿದ್ದು, 1935ರಲ್ಲಿ ಫ್ಯಾಸಿಸ್ಟರು ಕಿತ್ತು ಒಂದು ಪಾರ್ಕಿಗೆ ಸಾಗಿಸಿದ್ದು, 1981ರಲ್ಲಿ ಮತ್ತೆ ಚೌಕಕ್ಕೆ ಮರಳಿದ್ದು. ನದಿಯಾಚೆ 1928ರ ವಿಜಯ ಸ್ಮಾರಕ ಇದೆ, ಇಟಲಿ ತಾನು ಗೆದ್ದುದನ್ನು ಸೋತವರ ಕಣ್ಣೆದುರಿಗೆ ಸಾರಲು ಕಟ್ಟಿದ್ದು. ಅದನ್ನು ಕೆಡವಲಿಲ್ಲ. ಅದರ ಅಡಿಯಲ್ಲೇ 2014ರಲ್ಲಿ ಪ್ರದರ್ಶನಾಲಯ ತೆರೆದು, ಅದನ್ನು ಯಾಕೆ ಕಟ್ಟಿದರು, ಅದರಿಂದ ಯಾರಿಗೆ ನೋವಾಯಿತು ಎಂದು ಬಿಡಿಸಿ ಬರೆದಿದ್ದಾರೆ. ಈ ಊರಿನಲ್ಲಿ ನೋಡಲೇಬೇಕಾದ ಜಾಗಗಳಲ್ಲಿ ಇದನ್ನು ಮುಂದಿಡುತ್ತೇನೆ. ಆಸ್ಟ್ರಿಯಾ ಮತ್ತು ಇಟಲಿ ನಡುವಿನ 1946ರ ಒಪ್ಪಂದ, ದಶಕಗಳ ಹೋರಾಟ, 1972ರ ಸ್ವಾಯತ್ತತೆಯ ಕಾನೂನು, ಇಷ್ಟಾದ ಮೇಲೆ ಈಗ ಎರಡೂ ಭಾಷೆಗೆ ಸಮಾನ ಸ್ಥಾನ. ನಗರದಲ್ಲಿ ಮುಕ್ಕಾಲು ಪಾಲು ಇಟಾಲಿಯನ್ ಮಾತಾಡುವವರು, ಸುತ್ತಲಿನ ಪ್ರಾಂತದಲ್ಲಿ ಮೂರರಲ್ಲಿ ಎರಡು ಪಾಲು ಜರ್ಮನ್‌ನವರು. ಪ್ರತಿ ಬೀದಿಗೂ ಎರಡೆರಡು ಹೆಸರು. ಬೇಕರಿಯಲ್ಲಿ ಅಂಗಡಿಯಾಕೆ ಒಬ್ಬರ ಹತ್ತಿರ ಒಂದು ಭಾಷೆ ಮುಗಿಸಿ ಮರುಗಳಿಗೆಯಲ್ಲೇ ಮುಂದಿನವರ ಹತ್ತಿರ ಇನ್ನೊಂದಕ್ಕೆ ಹೊರಳುವುದನ್ನು ನಿಂತು ಕೇಳಿ.

ಈ ಊರಿನ ಇನ್ನೊಬ್ಬ ನಿವಾಸಿ ಎರಡೂ ಭಾಷೆಗಿಂತ ಹಳಬ. 1991ರ ಸೆಪ್ಟೆಂಬರ್ 19ರಂದು 3,210 ಮೀಟರ್ ಎತ್ತರದ ಹಿಮದಲ್ಲಿ ಚಾರಣಿಗ ದಂಪತಿಗೆ ಒಂದು ದೇಹ ಸಿಕ್ಕಿತು. ಇತ್ತೀಚೆಗೆ ಸತ್ತವನಿರಬೇಕು ಎಂದುಕೊಂಡರು. ಅವನು ಸತ್ತು ಸುಮಾರು 5,300 ವರ್ಷವಾಗಿತ್ತು. ಅಳೆದು ನೋಡಿದಾಗ ಗಡಿಯಿಂದ ಬರೀ 93 ಮೀಟರ್ ಇಟಲಿಯ ಒಳಗಿದ್ದ. ಹಾಗಾಗಿ 1998ರಿಂದ ಬೊಲ್ಜಾನೊದ ಪುರಾತತ್ವ ಸಂಗ್ರಹಾಲಯದಲ್ಲಿದ್ದಾನೆ. ಹೆಸರು ಓಟ್ಜಿ.

ಗೋಡೆಯಲ್ಲಿ ಒಂದು ಪುಟ್ಟ ಕಿಟಕಿ, ಅದರಾಚೆ ಮೈನಸ್ 6 ಡಿಗ್ರಿಯ ಕೋಣೆ. ಆಗಾಗ ನೀರು ಸಿಂಪಡಿಸುವುದರಿಂದ ಮೈಮೇಲೆ ತೆಳುವಾದ ಮಂಜಿನ ಪೊರೆ ಹೊಳೆಯುತ್ತದೆ. ಎಡಗೈ ಗಂಟಲಿನ ಅಡಿಗೆ ಅಡ್ಡ ಬಿದ್ದಿದೆ. ಸುಮಾರು 45ರ ವಯಸ್ಸು, ಮೈಮೇಲೆ 61 ಹಚ್ಚೆ, ಬಹಳಷ್ಟು ಸೊಂಟ, ಮಂಡಿ, ಕಣಕಾಲುಗಳ ಹತ್ತಿರ. ಕೀಲುನೋವಿಗೆ ಮಾಡಿದ ಚಿಕಿತ್ಸೆ ಎಂದು ಹಲವರ ಊಹೆ. ಹತ್ತು ವರ್ಷ ಪರೀಕ್ಷೆ ಮಾಡಿದ ಮೇಲೆ 2001ರಲ್ಲಿ ಎಕ್ಸ್‌ರೇಯಲ್ಲಿ ಎಡ ಭುಜದೊಳಗೆ ಬಾಣದ ಮೊನೆ ಕಂಡಿತು. ಹಿಂದಿನಿಂದ ಹೊಡೆದದ್ದು. ಅವನ ತಾಮ್ರದ ಕೊಡಲಿ, ಹುಲ್ಲು ತುಂಬಿದ ಪಾದರಕ್ಷೆ, ಮೇಕೆ ಕುರಿ ಚರ್ಮದ ಪಟ್ಟಿ ಹೊಲಿದ ಅಂಗಿ, ಕರಡಿ ಚರ್ಮದ ಟೋಪಿ ಎಲ್ಲವೂ ಪಕ್ಕದ ಕೋಣೆಗಳಲ್ಲಿವೆ. ಹಾಲ್‌ಸ್ಟಾಟ್‌ನಲ್ಲಿ ಉಪ್ಪು ಉಳಿಸಿಕೊಟ್ಟದ್ದನ್ನು ಇಲ್ಲಿ ಹಿಮ ಉಳಿಸಿಕೊಟ್ಟಿದೆ. ಅಲ್ಲಿ ಒಂದು ಸಮುದಾಯದ ದುಡಿಮೆ ಕಂಡರೆ ಇಲ್ಲಿ ಒಬ್ಬನೇ ಮನುಷ್ಯನ ಕೊನೆಯ ದಿನ ಕಾಣುತ್ತದೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಸೋಮವಾರ ರಜೆ.

ಬೊಲ್ಜಾನೊಗೆ ಒಂದು ಕೊರತೆ ಇದೆ. ಊರು ಇರುವುದು ಬರೀ 262 ಮೀಟರ್ ಎತ್ತರದ ಬಟ್ಟಲಿನಂಥ ಕಣಿವೆಯಲ್ಲಿ. ಜುಲೈನಲ್ಲಿ ಸೆಕೆ ತಾಳಲಾಗುವುದಿಲ್ಲ, ಹಿಮದ ಕನಸು ಕಟ್ಟಿಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ಅಕ್ಟೋಬರ್ ಅಲ್ಲಿಗೆ ಹೋಗುವ ಕಾಲ: ದ್ರಾಕ್ಷಿ ಸುಗ್ಗಿ ಮುಗಿದು ರೈತರ ಮನೆಗಳಲ್ಲಿ ಹೊಸ ದ್ರಾಕ್ಷಾರಸ, ಸುಟ್ಟ ಚೆಸ್ಟ್‌ನಟ್ ಕೊಡುತ್ತಾರೆ. ರಿಟ್ಟನ್ ಕೇಬಲ್ ಕಾರ್ ಹತ್ತಿದರೆ ಮೇಲಿನ ಪ್ರಸ್ಥಭೂಮಿಯಿಂದ ಡೋಲೊಮೈಟ್ ಶಿಖರಗಳು ಸಂಜೆ ಕೆಂಪಗಾಗುವುದು ಕಾಣುತ್ತದೆ.

ಜೆರ್ಮಾಟ್: ಬಡ ಹಳ್ಳಿಗೆ ಶಿಖರ ತಂದ ಭಾಗ್ಯ

ಬೆಟ್ಟವೇ ಬೇಕು, ಅದರ ಚರಿತ್ರೆಯೂ ಬೇಕು ಎನ್ನುವವರಿಗೆ ಜೆರ್ಮಾಟ್. ಇಲ್ಲಿ ಅರಮನೆ ಇಲ್ಲ, ಸುಂಕದಕಟ್ಟೆ ಇಲ್ಲ. ದನ ಸಾಕಿ, ಬಾರ್ಲಿ, ರೈ ಎಂಬ ಒರಟು ಧಾನ್ಯ ಬೆಳೆದು ಬದುಕುತ್ತಿದ್ದ ಹಳ್ಳಿ. ಹಳೆಯ ಊರೆಂದರೆ ಹಿಂಟರ್‌ಡಾರ್ಫ್ ಎಂಬ ಕೇರಿ, ಬಿಸಿಲಿಗೆ ಕಪ್ಪಾದ ಮರದ ಕಣಜಗಳು. ಒಂದೊಂದು ಕಣಜವೂ ಮರದ ಕಾಲುಗಳ ಮೇಲೆ ನಿಂತಿದೆ, ಕಾಲಿಗೂ ಕಣಜಕ್ಕೂ ನಡುವೆ ರೊಟ್ಟಿಯಂತೆ ದುಂಡನೆಯ ಚಪ್ಪಡಿ ಕಲ್ಲು. ಇಲಿ ಕಾಲು ಹತ್ತಿದರೂ ಕಲ್ಲಿನ ಅಡಿಯಲ್ಲಿ ತಲೆಕೆಳಗಾಗಿ ಹೋಗಲಾರದೆ ಇಳಿಯಬೇಕು. ಹಗೇವು ತೋಡಿ ರಾಗಿ ಕಾಪಾಡಿದ ನಮ್ಮವರ ಚಿಂತೆಯೇ ಅಲ್ಲಿಯದೂ.

1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಮತ್ತು ಆರು ಜನ ಜೊತೆಗಾರರು 4,478 ಮೀಟರಿನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಸಲ ಏರಿದರು. ಇಳಿಯುವಾಗ ಒಬ್ಬ ಜಾರಿದ, ಹಗ್ಗ ತುಂಡಾಯಿತು, ನಾಲ್ವರು ಬಿದ್ದು ಸತ್ತರು. ವಿಂಪರ್ ಮತ್ತು ಊರಿನ ಮಾರ್ಗದರ್ಶಿಗಳಾದ ಟಾಗ್‌ವಾಲ್ಡರ್ ತಂದೆ ಮಗ ಉಳಿದರು. ಆ ಹಗ್ಗ ಈಗಲೂ ಊರಿನ ಸಂಗ್ರಹಾಲಯದಲ್ಲಿ ಗಾಜಿನೊಳಗಿದೆ. ಹೆಬ್ಬೆರಳಿಗಿಂತ ತೆಳು. ದುರಂತದ ಸುದ್ದಿ ಯೂರೋಪಿನಲ್ಲೆಲ್ಲ ಹಬ್ಬಿ, ಜನ ಹೆದರಿ ದೂರವಾಗುವ ಬದಲು ಹಿಂಡುಹಿಂಡಾಗಿ ಬಂದರು. 1891ರಲ್ಲಿ ರೈಲು, 1898ರಲ್ಲಿ 3,089 ಮೀಟರ್ ಎತ್ತರದ ಗೋರ್ನರ್‌ಗ್ರಾಟ್‌ಗೆ ಹಲ್ಲುಹಳಿಯ ರೈಲು. ಪೆಟ್ರೋಲ್ ಕಾರುಗಳಿಗೆ ಊರೊಳಗೆ ಪ್ರವೇಶವಿಲ್ಲ, ಇರುವುದೆಲ್ಲ ಬ್ಯಾಟರಿ ಬಂಡಿ. ಚರ್ಚಿನ ಪಕ್ಕದ ಚಾರಣಿಗರ ಸ್ಮಶಾನದಲ್ಲಿ ಕಲ್ಲುಗಳ ಮೇಲಿನ ವಯಸ್ಸು ಓದಿದರೆ, ಇಪ್ಪತ್ತು, ಇಪ್ಪತ್ತೆರಡು, ಸಂಕಟವಾಗುತ್ತದೆ.

ಆರರಲ್ಲಿ ಅತಿ ದುಬಾರಿ ಇದೇ. ಮೋಡ ಮುಚ್ಚಿದ ದಿನ ಶಿಖರ ಕಾಣದೆ ಹೋದರೆ ಊರೊಳಗೆ ನೋಡಲು ಅರ್ಧ ದಿನದಷ್ಟೇ ಇದೆ. ಎರಡು ರಾತ್ರಿ ಇರಲು ಆಗದಿದ್ದರೆ ಹೋಗಬೇಡಿ. ವಯಸ್ಸಾದವರನ್ನು, ಹೃದಯದ ತೊಂದರೆ ಇರುವವರನ್ನು ಕರೆದೊಯ್ಯುವವರು ಮೂರು ಸಾವಿರ ಮೀಟರಿಗೆ ಒಮ್ಮೆಗೇ ಏರಿಸುವ ಮುನ್ನ ವೈದ್ಯರನ್ನು ಕೇಳಿ.

ಕೂರ್ ಮತ್ತು ಅನ್ಸಿ

ಕೂರ್ ಸ್ವಿಟ್ಜರ್‌ಲೆಂಡಿನ ಅತಿ ಹಳೆಯ ನಗರ ಎಂದು ಹೆಸರಾದದ್ದು. ರೋಮನ್ನರ ಕಾಲದಿಂದಲೂ ಇಟಲಿಗೆ ದಾಟುವ ಘಾಟಿಗಳ ಬುಡದ ಊರು, 451ರಲ್ಲೇ ಇಲ್ಲಿ ಬಿಷಪ್ ಇದ್ದ ದಾಖಲೆ ಇದೆ. 1272ರ ಕೆಥೆಡ್ರಲ್ ಒಳಗಿನ ಮರಗೆತ್ತನೆಯ ವೇದಿಕೆ ನೋಡುವಂಥದು. ಈ ಊರಿನ ಕತೆಯಲ್ಲೂ ಒಂದು ಭಾಷೆಯ ಸಂಗತಿ ಇದೆ. ಮೊದಲು ಇಲ್ಲಿ ಲ್ಯಾಟಿನ್ ಮೂಲದ ರೊಮಾನ್ಶ್ ಆಡುತ್ತಿದ್ದರು. 1464ರ ಬೆಂಕಿಗೆ ಊರು ಸುಟ್ಟಾಗ ಮನೆ ಕಟ್ಟಲು ಉತ್ತರದಿಂದ ಜರ್ಮನ್ ಕುಶಲಕರ್ಮಿಗಳು ಬಂದು ನೆಲೆಸಿದರು, ನಗರದ ನುಡಿಯೇ ಬದಲಾಯಿತು. ಬೊಲ್ಜಾನೊದಂತೆ ಕಾನೂನು ಮಾಡಿ ಬಾಯಿ ಮುಚ್ಚಿಸಿದ್ದಲ್ಲ, ಗಾರೆ ಕೆಲಸದವರ ಜೊತೆ ಸದ್ದಿಲ್ಲದೆ ಬಂದದ್ದು. ಒಂದು ದಿನ ಸಾಕಾಗುವ ಊರು. ಆದರೆ ಇಲ್ಲಿಂದ ಹೊರಡುವ ಆಲ್ಬುಲಾ–ಬೆರ್ನಿನಾ ರೈಲು ಮಾರ್ಗ 2,253 ಮೀಟರಿಗೇರಿ ಇಟಲಿಯ ತಿರಾನೊಗೆ ಇಳಿಯುತ್ತದೆ, ಅದರ ಬಹುಪಾಲು 2008ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಗಾಜಿನ ಚಾವಣಿಯ ಪ್ರವಾಸಿ ರೈಲಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಅದೇ ಹಳಿಯ ಮೇಲೆ ಸಾಧಾರಣ ರೈಲುಗಳೂ ಓಡುತ್ತವೆ, ಮಧ್ಯೆ ಒಮ್ಮೆ ಬದಲಿಸಬೇಕು ಅಷ್ಟೆ.

ಅನ್ಸಿ ಜಿನೀವಾದಿಂದ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಸರೋವರದಿಂದ ಹೊರಡುವ ಟಿಯೂ ಹೊಳೆ ಊರ ನಡುವೆ ಕಾಲುವೆಯಾಗಿ ಹರಿಯುತ್ತದೆ, ಅದರ ನಡುಗಡ್ಡೆಯ ಮೇಲೆ ಹಡಗಿನ ಮೂತಿಯಂತೆ ಹನ್ನೆರಡನೆಯ ಶತಮಾನದ ಕಟ್ಟಡ, ಬಹುಕಾಲ ಸೆರೆಮನೆಯಾಗಿದ್ದದ್ದು. ಜಿನೀವಾ ಪ್ರಾಟೆಸ್ಟೆಂಟ್ ಆದಾಗ ಅಲ್ಲಿನ ಕ್ಯಾಥೊಲಿಕ್ ಬಿಷಪ್ ಬಂದು ನೆಲೆಸಿದ್ದು ಇಲ್ಲಿ. ನಡುವೆ ಕೆಲವು ವರ್ಷ ಬಿಟ್ಟರೆ 1860ರವರೆಗೆ ಇದು ಸವಾಯ್ ದೊರೆಗಳ ನಾಡು, ಫ್ರಾನ್ಸ್ ಅಲ್ಲ. ನನಗೆ ಇಲ್ಲಿ ಹೆಚ್ಚು ಹಿಡಿಸಿದ ಚರಿತ್ರೆ ಇತ್ತೀಚಿನದು. ಚರಂಡಿ ನೀರಿನಿಂದ ಕೆಡುತ್ತಿದ್ದ ಸರೋವರವನ್ನು ಉಳಿಸಲು 1957ರಲ್ಲಿ ದಡದ ಊರುಗಳೆಲ್ಲ ಒಟ್ಟಾಗಿ, ಸುತ್ತಲೂ ಕೊಳವೆ ಹಾಕಿ ಕೊಳೆ ನೀರು ಒಳಗೆ ಬಾರದಂತೆ ತಡೆದರು. ಈಗ ಅದು ಯೂರೋಪಿನ ಅತಿ ತಿಳಿಯಾದ ಸರೋವರಗಳಲ್ಲೊಂದು. ಕೆರೆಗಳು ನೊರೆ ಕಾರುವುದನ್ನು ಕಂಡ ಬೆಂಗಳೂರಿನವರು ಅದರ ದಡದಲ್ಲಿ ಕೂತು ತಳದ ಬೆಣಚುಕಲ್ಲು ಎಣಿಸಬೇಕು. ಸಣ್ಣ ಮಕ್ಕಳ ಜೊತೆ ಹೋಗುವವರಿಗೆ ಹಾಲ್‌ಸ್ಟಾಟ್‌ಗಿಂತ ಅನ್ಸಿ ಎಷ್ಟೋ ಸುಲಭ: ನೆಲ ಸಪಾಟು, ಹುಲ್ಲುಹಾಸು ವಿಶಾಲ, ಈಜಲು ನೀರು.

ಊಟ, ಕಾಲ, ಹಾದಿ

ಸಸ್ಯಾಹಾರಿಗಳಿಗೆ ಬೊಲ್ಜಾನೊ ಎಲ್ಲಕ್ಕಿಂತ ಒಳ್ಳೆಯದು. ಪಾಲಕ್ ಮತ್ತು ಹಳೆಯ ಬ್ರೆಡ್ಡಿನಿಂದ ಮಾಡುವ ಕ್ನ್ಯೋಡೆಲ್ ಉಂಡೆ, ಪಾಲಕ್–ಚೀಸ್ ತುಂಬಿದ ಅರ್ಧಚಂದ್ರಾಕಾರದ ಶ್ಲುಟ್ಸ್‌ಕ್ರಾಪ್‌ಫೆನ್, ಮೆಕ್ಕೆಜೋಳದ ಹಿಟ್ಟು ಕಲಕಿ ಬೇಯಿಸುವ ಪೊಲೆಂಟಾ. ಪೊಲೆಂಟಾ ತಿಂದರೆ ಮುದ್ದೆ ಉಂಡ ನೆಮ್ಮದಿ. ಮೊಟ್ಟೆ ತಿನ್ನದವರು ಕೇಳಿಕೊಂಡೇ ತಿನ್ನಿ, ಕ್ನ್ಯೋಡೆಲ್‌ನಲ್ಲಿ ಮೊಟ್ಟೆ ಇರುತ್ತದೆ. ಇನ್ಸ್‌ಬ್ರುಕ್‌ನಲ್ಲಿ ಚೀಸ್ ಹಾಕಿದ ಶ್ಪೆಟ್ಸ್‌ಲೆ, ಅಂದರೆ ಹಿಟ್ಟಿನ ಸಣ್ಣ ತುಣುಕುಗಳನ್ನು ಬೇಯಿಸಿದ್ದು, ಸಿಗುತ್ತದೆ. ಅನ್ಸಿಯ ಹೆಸರಾಂತ ಆಲೂಗಡ್ಡೆ–ಚೀಸ್ ಖಾದ್ಯ ಟಾರ್ಟಿಫ್ಲೆಟ್‌ನಲ್ಲಿ ಹಂದಿಮಾಂಸದ ಚೂರು ಸೇರಿಸುವುದು ವಾಡಿಕೆ. ಎಲ್ಲ ಕಡೆಯೂ ಸೂಪ್ ಮಾಂಸದ ಸಾರಿನದೋ ಅಲ್ಲವೋ ಎಂದು ವಿಚಾರಿಸಿ, ತರಕಾರಿ ಹಾಕಿದ್ದನ್ನು ನೋಡಿ ಮೋಸ ಹೋಗಬೇಡಿ.

ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಮತ್ತು ನವೆಂಬರ್‌ನಲ್ಲಿ ಹಲವು ಕೇಬಲ್ ಕಾರ್‌ಗಳನ್ನು ದುರಸ್ತಿಗೆಂದು ನಿಲ್ಲಿಸುತ್ತಾರೆ. ಊರು ನೋಡುವವರಿಗೆ ಅದೇ ಅನುಕೂಲ, ಜನವೂ ಕಡಿಮೆ, ಕೋಣೆಯೂ ಅಗ್ಗ. ನಾಲ್ಕೂ ದೇಶಗಳಿಗೆ ಶೆಂಗೆನ್ ವೀಸಾ ಒಂದೇ, ಹೆಚ್ಚು ರಾತ್ರಿ ಕಳೆಯುವ ದೇಶದ ಕಡೆಯಿಂದ ಅರ್ಜಿ ಹಾಕಿ. ಹಣ ಮಾತ್ರ ಸ್ವಿಟ್ಜರ್‌ಲೆಂಡಿನಲ್ಲಿ ಫ್ರಾಂಕ್, ಉಳಿದೆಡೆ ಯೂರೊ.

ನಾಲ್ಕು ದಿನ ಇದ್ದರೆ ನಾನು ಹೀಗೆ ಮಾಡುತ್ತೇನೆ. ಮ್ಯೂನಿಕ್‌ನಲ್ಲಿ ಇಳಿದು ಎರಡು ಗಂಟೆಯೊಳಗೆ ರೈಲಿನಲ್ಲಿ ಇನ್ಸ್‌ಬ್ರುಕ್. ಮೊದಲ ದಿನ ಆಸ್ಥಾನದ ಚರ್ಚು, ಎರಡನೆಯ ದಿನ ಬೆಳಿಗ್ಗೆ ಹಾಲ್, ಮಧ್ಯಾಹ್ನ ಬ್ರೆನ್ನರ್ ದಾಟುವ ರೈಲು. ಸರಕಿನ ಬಂಡಿಗಳು ದಿನಗಟ್ಟಲೆ ಏರಿದ ಆ ಘಾಟಿಯನ್ನು ಕಿಟಕಿಯಿಂದ ನೋಡುತ್ತ, ನಿಲ್ದಾಣದ ಫಲಕಗಳಲ್ಲಿ ಒಂದಿದ್ದ ಹೆಸರು ಎರಡಾಗುವ ಜಾಗವನ್ನು ಗುರುತಿಸಿ. ಆಮೇಲಿನ ಎರಡು ದಿನ ಪೂರ್ತಿ ಬೊಲ್ಜಾನೊಗೆ. ಹಾಲ್‌ಸ್ಟಾಟ್ ಬೇಕೇಬೇಕು ಎನ್ನುವವರು ಅದನ್ನು ಇದರ ಜೊತೆ ತುರುಕದೆ, ಸಾಲ್ಜ್‌ಬರ್ಗ್ ಜೊತೆ ಸೇರಿಸಿ ಬೇರೆಯದೇ ಪ್ರವಾಸ ಮಾಡಿ.